ಪೆನ್ಸಿಲ್ವೇನಿಯಾದಲ್ಲಿ ಕಯಾಕ್‌ಗೆ ಲೈಸೆನ್ಸ್ ಬೇಕಾ?

ಹೊಸಹುಟ್ಟು: ಪಿಟ್ಸ್‌ಬರ್ಗ್‌ಗೆ ಬಂದು ಒಂದು ವರ್ಷ ಆಯಿತು. ಹತ್ತು ಅಡಿಯ ಹಳೇ ಕಯಾಕ್ ಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಲೇಕ್ ಆರ್ಥರ್‌ಗೆ ಇಳಿಸುವ ಆಸೆ. ಲೈಸೆನ್ಸ್ ಬೇಕಾ? ಈಜು ಬರುತ್ತದೆ. ಲೈಫ್ ಜಾಕೆಟ್ ಸುಮ್ನೆ ಕಾಲ ಹತ್ತಿರ ಇಟ್ಟುಕೊಂಡರೆ ನಡೆಯುತ್ತಾ?

ಶರಾವತಿದಡ: ಲೈಸೆನ್ಸ್ ಬೇಡ. ಮೋಟಾರ್ ಇಲ್ಲ ಅಂದರೆ ರಿಜಿಸ್ಟ್ರೇಷನ್ನೂ ಕಡ್ಡಾಯ ಅಲ್ಲ. ಆದರೆ ಆ ಕೆರೆ ಸ್ಟೇಟ್ ಪಾರ್ಕ್ ಒಳಗಿದೆ ಅಲ್ವಾ, ಲಾಂಚ್ ಪರ್ಮಿಟ್ (ದೋಣಿ ನೀರಿಗಿಳಿಸುವ ಅನುಮತಿ) ತೆಗೆದುಕೊಳ್ಳಿ.

ಜಾಕೆಟ್ ಮಾತ್ರ ನಡೆಯುವುದಿಲ್ಲ. ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಕಯಾಕ್‌ನಲ್ಲಿ ಅದು ಮೈಮೇಲೇ ಇರಬೇಕು. ಉಳಿದ ತಿಂಗಳು ದೊಡ್ಡವರಿಗೆ ದೋಣಿಯಲ್ಲಿದ್ದರೆ ಸಾಕು. 12 ವರ್ಷದವರೆಗಿನ ಮಕ್ಕಳು ವರ್ಷವಿಡೀ ಹಾಕಿಕೊಳ್ಳಬೇಕು.

ನಾನು ಹೊನ್ನಾವರದವಳು, ಹೊಳೆಯಲ್ಲೇ ಈಜು ಕಲಿತವಳು. ಆ ಜಂಬದಲ್ಲೇ ಇಲ್ಲಿ ಒಂದು ಮೇ ತಿಂಗಳು ಮಗುಚಿಕೊಂಡೆ. ಮೇಲೆ ಒಳ್ಳೆ ಬಿಸಿಲು, ಕೆಳಗೆ ನೀರು ಐಸು! ಉಸಿರೇ ಸಿಗಲಿಲ್ಲ, ಕೈ ಆಡಲಿಲ್ಲ. ಈಜು ಎಲ್ಲಿ ಹೋಯಿತೋ. ಜಾಕೆಟ್ ಎತ್ತಿ ಹಿಡಿಯಿತು.

ಹಳೇಪ್ಯಾಡಲ್: ಸೀಟಿ ಮರೆಯಬೇಡಿ, ಅದೂ ಕಡ್ಡಾಯ. ಮುಂದೆ ಅಲೆಗೆನಿ ನದಿಗೆ ಇಳಿದರೆ ಡ್ಯಾಮ್‌ಗಳಿಂದ ದೂರ ಇರಿ. ಗಿಡ್ಡ ಡ್ಯಾಮೇ ಜಾಸ್ತಿ ಅಪಾಯ. ಕೆಳಗಿನ ಸುಳಿ ಹಿಡಿದರೆ ಬಿಡುವುದಿಲ್ಲ.

ಹೊಸಹುಟ್ಟು: ಸರಿ ಅಕ್ಕಾ, ಜೂನ್‌ಗೇ ಇಳಿಸುತ್ತೇನೆ. ಜಾಕೆಟ್ ಹಾಕಿಕೊಂಡೇ.