‘ವಿಧಿ’ ಅಂದರೆ ತೀರ್ಪೋ, ಸಂವಿಧಾನದ ಕಲಮೋ?

ಬಲ್ಲವರಿಗೆ ನಮಸ್ಕಾರ. ಕಾಸರಗೋಡಿನ ಬದಿಯಡ್ಕ ಕಡೆಯಿಂದ ಬರೆಯುತ್ತಿದ್ದೇನೆ.

ಹತ್ತನೇ ತರಗತಿಯಲ್ಲಿರುವ ಅಕ್ಕನ ಮಗಳಿಗೆ ಸುಪ್ರೀಂ ಕೋರ್ಟಿನ ಬಗ್ಗೆ ಟಿಪ್ಪಣಿ ಬರೆದುಕೊಟ್ಟಿದ್ದೆ. ‘ಸಂವಿಧಾನದ 141ನೇ ವಿಧಿಯಂತೆ, ಸುಪ್ರೀಂ ಕೋರ್ಟು ಸಾರಿದ ಕಾನೂನಿಗೆ ದೇಶದ ಎಲ್ಲ ಕೋರ್ಟುಗಳೂ ಬದ್ಧ’ ಎಂಬ ಸಾಲಿಗೆ ಬಂದವಳೇ ಕೇಳಿದಳು: “141ನೇ ವಿಧಿ ಯಾವ ಕೇಸಿನದ್ದು ಮಾವ?”

ತಪ್ಪು ಅವಳದ್ದಲ್ಲ. ಇಲ್ಲಿ ಟಿವಿಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬೀಳುವ ಮಲಯಾಳದಲ್ಲಿ ಕೋರ್ಟಿನ ತೀರ್ಪಿಗೇ ‘ವಿಧಿ’ ಅನ್ನುವುದು. ಸಂವಿಧಾನದ ಕಲಮಿಗೆ ಅವರದು ‘ಅನುಚ್ಛೇದಂ’. ಕನ್ನಡ ಪತ್ರಿಕೆಗಳಲ್ಲಿ ‘370ನೇ ವಿಧಿ’ ಎಂದು ಓದಿ ಬೆಳೆದ ನನಗೆ ಇದು ಹೊಳೆದೇ ಇರಲಿಲ್ಲ. ಹಾಗೆಂದು ಕನ್ನಡದ ‘ವಿಧಿ’ಗೆ ಕೋರ್ಟು ಪೂರ್ತಿ ಹೊರಗಿನದೂ ಅಲ್ಲ: ನ್ಯಾಯಾಧೀಶರು ಶಿಕ್ಷೆ ‘ವಿಧಿಸು’ತ್ತಾರೆ, ರಕ್ತದ ಮಾದರಿ ‘ವಿಧಿವಿಜ್ಞಾನ’ ಪ್ರಯೋಗಾಲಯಕ್ಕೆ ಹೋಗುತ್ತದೆ. ಅದೇ ‘ವಿಧಿವಶ’ರಾದರು ಅಂದರೆ ಸತ್ತರು ಎಂದರ್ಥ.

ಇದಕ್ಕಿಂತ ಹೆಚ್ಚು ಕಾಡಿದ್ದು ಪಕ್ಕದ ಮನೆಯ ಹಿರಿಯರ ಮಾತು. ಅಡಿಕೆ ತೋಟದ ಗಡಿ ವ್ಯಾಜ್ಯ ಅವರದ್ದು. ಎರ್ನಾಕುಳಂ ಹೈಕೋರ್ಟಿನಲ್ಲಿ ಸೋತು ದಿಲ್ಲಿಗೆ ಹೋಗಿದ್ದರು. “ದಿಲ್ಲಿಯ ವಿಧಿ ಬಂತು ಮಾರಾಯ್ರೆ, ಹೈಕೋರ್ಟು ಹೇಳಿದ್ದೇ ಸರಿಯಂತೆ” ಅಂದರು. ಕಾಗದ ನೋಡಿದೆ. ವಿಶೇಷ ಅನುಮತಿ ಅರ್ಜಿ ವಜಾ ಎಂಬ ಒಂದೇ ಸಾಲು, ಕಾರಣ ಏನೂ ಇಲ್ಲ. 136ನೇ ಕಲಮಿನಡಿ ಮೊದಲು ಮೇಲ್ಮನವಿಗೆ ಅನುಮತಿ ಬೇಡಬೇಕು. ಅದು ಸಿಗಲಿಲ್ಲ, ಅಷ್ಟೇ. ಹೀಗೆ ಕಾರಣ ಕೊಡದೆ ವಜಾ ಮಾಡಿದರೆ ಹೈಕೋರ್ಟಿನ ತೀರ್ಪಿಗೆ ಒಪ್ಪಿಗೆಯ ಮುದ್ರೆ ಬಿತ್ತೆಂದು ಅರ್ಥವಲ್ಲ, 141ರಡಿ ಹೊಸ ಕಾನೂನು ಸಾರಿದಂತೆಯೂ ಅಲ್ಲ. 2000ರಲ್ಲಿ ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಆದರೂ ನಮ್ಮ ಪತ್ರಿಕೆಗಳಲ್ಲಿ ಎಷ್ಟೋ ಸಲ ‘ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ’ ಎಂಬ ತಲೆಬರಹ ಬರುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಆ ಹಿರಿಯರು ‘ನನ್ನ ವಾದವೇ ಸುಳ್ಳೆಂದು ದಿಲ್ಲಿಯವರೂ ಹೇಳಿದರು’ ಎಂದು ಕೊರಗುತ್ತಿದ್ದಾರೆ. ಅವರ ವಾದದ ಬಗ್ಗೆ ದಿಲ್ಲಿಯಲ್ಲಿ ಯಾರೂ ಏನೂ ಹೇಳಿಲ್ಲ.

‘ತೀರು’ ಎಂಬುದರಿಂದ ‘ತೀರ್ಪು’ ಬಂದದ್ದು. ಹಿರಿಯರ ವ್ಯಾಜ್ಯ ತೀರಿತು, ನಿಜ, ಆದರೆ ತೀರ್ಪಾಗಲಿಲ್ಲ. ಇದನ್ನು ಒಂದೇ ಪದದಲ್ಲಿ ಹೇಳುವುದು ಹೇಗೆ? ‘ಅನುಮತಿ ನಿರಾಕರಣೆ’ ಅನ್ನಬಹುದೇ? ‘ವಜಾ’ ಅಂದರೆ ಎಲ್ಲವೂ ಒಂದೇ ಬುಟ್ಟಿಗೆ ಬೀಳುತ್ತದೆ.

ಇನ್ನು ಕಲಮಿಗೆ ‘ಅನುಚ್ಛೇದ’ ಎಂದೇ ಬರೆದರೆ ಗಡಿಯ ಈಚೆಗೂ ಆಚೆಗೂ ಒಂದೇ ಅರ್ಥ ಬರುತ್ತದೆ. ನನ್ನ ಒಲವು ಅದಕ್ಕೇ. ಅದು ಬಾಯಿಗೆ ತೊಡಕೆಂದು ಕಂಡವರು ‘ಕಲಮು’ ಅನ್ನಲಿ.

ತಮಿಳು, ತೆಲುಗಿನಲ್ಲೂ ‘ತೀರ್ಪು’ ನಮ್ಮ ಅರ್ಥದಲ್ಲೇ ಇದೆ. ಮಲಯಾಳದಲ್ಲಿ ಮಾತ್ರ ‘ಒತ್ತುತೀರ್ಪ್’ ಅಂದರೆ ರಾಜಿ. ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಕನ್ನಡಿಗರು ಮನೆಮಾತಿನಲ್ಲಿ ತೀರ್ಪು ಅನ್ನುತ್ತೀರೋ, ಮರಾಠಿಯ ‘ನಿಕಾಲ’ ಅನ್ನುತ್ತೀರೋ? ಅರ್ಜಿ ಒಳಗೇ ಹೋಗದೆ ಬಾಗಿಲಿನಿಂದ ತಿರುಗಿ ಬಂದರೆ ಅದಕ್ಕೆ ನಿಮ್ಮಲ್ಲಿ ಬೇರೆ ಮಾತುಂಟೇ?