ಅರ್ಧ ಗಂಟೆ ಓಡಿದ್ಮೇಲೆ ಬೈಕ್ ಸಾಯ್ತಿದೆ, ಎರಡು ಬ್ಯಾಟರಿ ಹೋಯ್ತು, ಈಗ ‘ವಾರಂಟಿ ಇಲ್ಲ’ ಅಂತಿದಾರೆ

ತುಂಗಾತೀರ:
ನಮಸ್ಕಾರ. ನಮ್ದು ತೀರ್ಥಹಳ್ಳಿ ಹತ್ರ. ಬೈಕು 350 ಸಿಸಿ ಸಿಂಗಲ್ ಸಿಲಿಂಡರ್, ಬಿಎಸ್6, ತಗೊಂಡು 14 ತಿಂಗಳಾಯ್ತು, 11,200 ಕಿ.ಮೀ. ಓಡಿದೆ. ವಾರಂಟಿ ಮೂರು ವರ್ಷ. ಕಂಪನಿ ಹೆಸರು ಬರೆಯಲ್ಲ. ಬರೆದ್ರೆ ಇಲ್ಲಿ ಅಭಿಮಾನಿಗಳ ಜಗಳ ಶುರುವಾಗುತ್ತೆ, ನನ್ನ ಗಾಡಿ ಹಂಗೇ ಇರುತ್ತೆ.

ಬೆಳಗ್ಗೆ ಸೆಲ್ಫ್ ಬಟನ್ ಒಂದೇ ಸಲ ಒತ್ತಿದ್ರೆ ಸ್ಟಾರ್ಟ್. ಅರ್ಧ ಮುಕ್ಕಾಲು ಗಂಟೆ ಓಡಿಸಿದ್ಮೇಲೆ ಮೀಟರ್ ಮಂಕಾಗುತ್ತೆ, ಎಬಿಎಸ್ ದೀಪ ಹತ್ಕೊಳ್ಳುತ್ತೆ, ಎರಡು ಸಲ ಕೆಮ್ಮಿ ಆಫ್. ಆಮೇಲೆ ಸೆಲ್ಫ್ ಒತ್ತಿದ್ರೆ ಬರೀ ಟಕ್ ಟಕ್. ಕಿಕ್ಕರ್ ಇಲ್ಲ. ಹೋದ ಭಾನುವಾರ ಆಗುಂಬೆ ಘಾಟಿ ಇಳೀತಾ ತಿರುವಿನ ಮಧ್ಯದಲ್ಲೇ ನಿಂತೇಬಿಡ್ತು. ಮಳೆ ಬೇರೆ, ಹಿಂದೆ ಹೆಂಡ್ತಿ. ಇಳಿಜಾರಲ್ಲಿ ಗೇರ್ ಹಾಕಿ ಕ್ಲಚ್ ಬಿಟ್ಟೆ, ಇಂಜಿನ್ ತಿರುಗ್ತು, ಹತ್ತಲಿಲ್ಲ. ಬಸ್ಸಿನವ್ನು ಹಾರ್ನ್ ಹೊಡ್ಕೊಂಡು ಪಕ್ಕದಲ್ಲೇ ಹೋದ. ಸೋಮೇಶ್ವರದವರೆಗೂ ಲೈಟಿಲ್ದೆ, ಬ್ರೇಕ್ ಹಿಡ್ಕೊಂಡು ಉರುಳಿಸ್ಕೊಂಡು ಬಂದ್ವಿ.

ಸರ್ವಿಸ್ ಸೆಂಟರ್ 60 ಕಿ.ಮೀ. ದೂರ. ಮೊದಲ ಸಲ ‘ಬ್ಯಾಟರಿ ವೀಕ್’ ಅಂತ ವಾರಂಟಿಲಿ ಬದಲಾಯಿಸಿದ್ರು. ಐದು ವಾರಕ್ಕೆ ಮತ್ತೆ ಅದೇ. ಎರಡನೇ ಬ್ಯಾಟರಿಗೆ 2,350 ರೂಪಾಯಿ ತಗೊಂಡ್ರು. ಮೂರನೇ ಸಲ ಹೋದಾಗ, ‘ಸಾರ್ ನೀವು ಫಾಗ್ ಲ್ಯಾಂಪ್ ಹಾಕ್ಸಿದೀರಿ, ಎಲೆಕ್ಟ್ರಿಕಲ್ ವಾರಂಟಿ ಹೋಯ್ತು’ ಅಂದ್ರು. ಈಗೇನು ಮಾಡ್ಲಿ?

ಗುಂಡಿ_ರಸ್ತೆ:
ಎಲ್ಲಾ ಇ20, ಅದೇ ಎಥನಾಲ್ ಬೆರೆಸಿದ ಪೆಟ್ರೋಲಿನ ಕಾಟ ಗುರೂ. ನಂದೂ ಹಿಂಗೇ ಜರ್ಕ್ ಹೊಡೀತಿತ್ತು.

ತಾಮ್ರದ_ತಂತಿ:
ಗುಂಡಿಯವ್ರೇ, ಪೆಟ್ರೋಲಿಗೆ ಬೈಯೋಕೆ ಬೇರೆ ದಿನ ಇದೆ. ಪೆಟ್ರೋಲ್ ಕೆಟ್ಟಿದ್ರೆ ಮೀಟರ್ ಯಾಕೆ ಮಂಕಾಗುತ್ತೆ, ಸೆಲ್ಫ್ ಯಾಕೆ ಟಕ್ ಅನ್ನುತ್ತೆ? ಇದು ಚಾರ್ಜಿಂಗ್ ತೊಂದರೆ. ಬ್ಯಾಟರಿ ಸತ್ತಿದ್ದಲ್ಲ, ಊಟ ಸಿಗದೆ ಸೊರಗಿದ್ದು. ಫ್ಯೂಯಲ್ ಇಂಜೆಕ್ಷನ್ ಗಾಡೀಲಿ ಪಂಪು, ಇಂಜೆಕ್ಟರ್, ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಎಲ್ಲಕ್ಕೂ ವೋಲ್ಟೇಜ್ ಬೇಕು. ಅದಕ್ಕೇ ಇಳಿಜಾರಲ್ಲಿ ಇಂಜಿನ್ ತಿರುಗಿದ್ರೂ ಹತ್ತಲಿಲ್ಲ. ಹಳೇ ಕಾರ್ಬ್ಯುರೇಟರ್ ಗಾಡಿಯಾಗಿದ್ರೆ ಹತ್ತಿರೋದು. ಜೊತೆಗೆ 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಹೆಡ್‌ಲೈಟ್ ಆಫ್ ಮಾಡೋ ಸ್ವಿಚ್ಚೇ ಇಲ್ಲ, ಹಗಲೂ ಕರೆಂಟ್ ತಿಂತಾ ಇರುತ್ತೆ.

ಒಂದು ಮಲ್ಟಿಮೀಟರ್ ತಗೊಳ್ಳಿ, ಐನೂರು ರೂಪಾಯಿದೇ ಸಾಕು. ಡಿಸಿ ವೋಲ್ಟಿಗೆ ಇಟ್ಟು ಬ್ಯಾಟರಿ ಮೇಲೆ ನೋಡಿ. ಗಾಡಿ ಆಫ್ ಇದ್ದಾಗ 12.6 ಆಸುಪಾಸು ಇರ್ಬೇಕು. ಸ್ಟಾರ್ಟ್ ಮಾಡಿ 4,000 ಆರ್‌ಪಿಎಂ ಹಿಡಿದ್ರೆ 13.5ರಿಂದ 14.5ರ ಒಳಗೆ. ಇದನ್ನ ತಣ್ಣಗಿದ್ದಾಗ ಒಂದ್ಸಲ, ತೊಂದರೆ ಬರೋ ಹೊತ್ತಿಗೆ ಇನ್ನೊಂದ್ಸಲ ನೋಡಿ. ಸರ್ವಿಸ್ ಸೆಂಟರಿನವ್ರು ರಾತ್ರಿ ಪೂರ್ತಿ ನಿಲ್ಸಿದ ಗಾಡೀನ ಬೆಳಗ್ಗೆ ನೋಡಿ ‘ಎಲ್ಲಾ ಓಕೆ ಸಾರ್’ ಅಂದಿರ್ತಾರೆ, ಪಂದ್ಯ ಕಟ್ತೀನಿ. ಎರಡು ಸಲಾನೂ ಫಾಗ್ ಲ್ಯಾಂಪಿನ ಫ್ಯೂಸ್ ಕಿತ್ತಿಟ್ಟೇ ನೋಡಿ. ಇಂಜಿನ್ ಓಡ್ತಿರೋವಾಗ ಬ್ಯಾಟರಿ ವೈರ್ ಮಾತ್ರ ಬಿಚ್ಚಬೇಡಿ, ಇಸಿಯು ಸುಟ್ಟೀತು.

ತುಂಗಾತೀರ:
ಮಾಡ್ದೆ. ಫ್ಯೂಸ್ ಕಿತ್ತು. ಆಫ್ 12.7. ತಣ್ಣಗೆ 4,000ದಲ್ಲಿ 14.1. ಕೊಪ್ಪದ ಕಡೆ 35 ನಿಮಿಷ ಓಡಿಸಿ ರಸ್ತೆ ಬದಿ ನಿಲ್ಸಿ ನೋಡಿದ್ರೆ 4,000ದಲ್ಲೇ 12.3! ಐಡಲ್‌ನಲ್ಲಿ 11.9. ಚಾ ಅಂಗಡಿಯವ್ರು ‘ಎಂತ ಸರ್, ಗಾಡಿಗೆ ಬಿಪಿ ನೋಡ್ತಿದೀರಾ’ ಅಂದ್ರು.

ತಾಮ್ರದ_ತಂತಿ:
ಕಳ್ಳ ಸಿಕ್ಕ. ಇನ್ನು ಉಳಿದಿದ್ದು ಸ್ಟೇಟರ್ (ಇಂಜಿನ್ ಒಳಗೆ ಕರೆಂಟ್ ಹುಟ್ಟಿಸೋ ಕಾಯಿಲ್), ರೆಗ್ಯುಲೇಟರ್ (ಆ ಕರೆಂಟನ್ನ ಬ್ಯಾಟರಿಗೆ ಹೊಂದೋ ಹಂಗೆ ಮಾಡೋದು) ಅಥವಾ ಅವೆರಡರ ನಡುವೆ ವೈರ್ ಜೋಡಿಸೋ ಪ್ಲಗ್ಗು, ಅಂದ್ರೆ ಕಪ್ಲರ್. ಇಂಜಿನ್ನಿನ ಎಡಬದಿಯಿಂದ ಮೂರು ಹಳದಿ ವೈರ್ ಒಟ್ಟಿಗೆ ಬರ್ತವಲ್ಲ, ಇಂಜಿನ್ ಆಫ್ ಮಾಡಿ ಅದರ ಕಪ್ಲರ್ ಬಿಚ್ಚಿ. ಮೀಟರ್ ಎಸಿಗೆ ತಿರುಗಿಸಿ, ಗಾಡಿ ಬಿಸಿ ಇರೋವಾಗ್ಲೇ ಸ್ಟಾರ್ಟ್ ಮಾಡಿ, ಸ್ಟೇಟರ್ ಕಡೆಯ ವೈರುಗಳನ್ನ ಎರಡೆರಡಾಗಿ ಅಳೀರಿ. ಮೂರು ಜೋಡೀಲೂ ಸಮ ಬರ್ಬೇಕು, ಸಂಖ್ಯೆ ಎಷ್ಟು ಅನ್ನೋದಕ್ಕಿಂತ ಸಮ ಇರೋದು ಮುಖ್ಯ. 50 ವೋಲ್ಟಿನ ಮೇಲೇ ಬರ್ಬಹುದು, ಕೈ ತಾಗಿಸ್ಬೇಡಿ. ಆಮೇಲೆ ಆಫ್ ಮಾಡಿ ಹಳದಿ ವೈರಿಗೂ ಇಂಜಿನ್ ಬಾಡಿಗೂ ಸಂಪರ್ಕ ಇದೆಯಾ ಅಂತ ಮೀಟರಿನ ಕಂಟಿನ್ಯುಟಿ (ಬೀಪ್) ಸೆಟ್ಟಿಂಗಲ್ಲಿ ನೋಡಿ. ಬೀಪ್ ಅಂದ್ರೆ ಸ್ಟೇಟರ್ ಹೋಗಿದೆ.

ವೈರ್ ಕತ್ತರಿಸೋದು, ಬೆಸುಗೆ, ಟೇಪು, ಯಾವುದೂ ಬೇಡ. ಕಪ್ಲರ್ ಬಿಚ್ಚಿ ಹಾಕಿದ್ರೆ ಗುರುತು ಉಳಿಯಲ್ಲ, ಟೇಪ್ ಸುತ್ತಿದ್ರೆ ‘ಟ್ಯಾಂಪರ್’, ಅಂದ್ರೆ ನೀವೇ ಕೈಯಾಡಿಸಿದ್ದು ಅಂತ ಬರೀತಾರೆ.

ತುಂಗಾತೀರ:
56, 55, 56. ಬೀಪ್ ಇಲ್ಲ. ಆದ್ರೆ ಕಪ್ಲರ್ ಬಿಚ್ಚೋಕೇ ಕಷ್ಟ ಆಯ್ತು. ಮೂರರಲ್ಲಿ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಹಲಸಿನ ಬೀಜ ಸುಟ್ಟಂಗೆ ಕಂದಾಗಿ ಉಬ್ಬಿದೆ. ಪಿನ್ನು ನೀಲಿ ಬಣ್ಣಕ್ಕೆ ತಿರುಗಿದೆ. ಫೋಟೊ ತೆಗೆದೆ.

ತಾಮ್ರದ_ತಂತಿ:
ಆ ಪಿನ್ ಸಡಿಲ. ಸಡಿಲ ಇದ್ದಲ್ಲಿ ಬಿಸಿ ಆಗುತ್ತೆ, ಬಿಸಿಗೆ ಇನ್ನಷ್ಟು ಸಡಿಲ ಆಗುತ್ತೆ, ಕೊನೆಗೆ ಮೂರರಲ್ಲಿ ಆ ಒಂದು ವೈರಿನ ಸಂಪರ್ಕ ಬಿಟ್ಟುಹೋಗುತ್ತೆ. ಉಳಿದ ಎರಡು ವೈರ್ ಕೊಡೋದು ಹೆಡ್‌ಲೈಟು, ಪಂಪಿಗೇ ಸಾಲಲ್ಲ, ಮಿಕ್ಕಿದ್ದು ಬ್ಯಾಟರಿಯಿಂದ ಹೋಗುತ್ತೆ. ತಣ್ಣಗಾದ್ಮೇಲೆ ಮತ್ತೆ ತಾಗ್ಕೊಳ್ಳುತ್ತೆ. ಕಪ್ಲರಿನ ಎರಡೂ ಕಡೆ ಬದಲಾಗ್ಬೇಕು, ರೆಗ್ಯುಲೇಟರ್ ಕೂಡ ಚೆಕ್ ಆಗ್ಬೇಕು. ಫಾಗ್ ಲ್ಯಾಂಪ್ ತಪ್ಪು ಅಂತ ಅವ್ರು ಹೇಳೋ ಹಂಗಿಲ್ಲ, ಫ್ಯೂಸ್ ಕಿತ್ತಾಗ್ಲೇ 12.3 ಬಂದಿದೆಯಲ್ಲ.

ಗುಂಡಿ_ರಸ್ತೆ:
ಎಕ್ಸ್‌ಟ್ರಾ ಫಿಟಿಂಗ್ ಹಾಕಿದ್ರೆ ವಾರಂಟಿ ಹೋಗಲ್ಲ ಅಂತ ಕಾನೂನೇ ಇದೆ, ಯೂಟ್ಯೂಬಲ್ಲಿ ನೋಡಿದೀನಿ.

ಜಾಬ್‌ಕಾರ್ಡ್_ಜಯ:
ಅದು ಅಮೆರಿಕದ 1975ರ ಕಾನೂನು. ಇಲ್ಲಿ ಕೌಂಟರಲ್ಲಿ ಅದನ್ನ ಹೇಳಿದ್ರೆ ನಗ್ತಾರೆ. ನಿಮ್ಮ ವಾರಂಟಿ ಪುಸ್ತಕದಲ್ಲಿ ಏನಿದೆ ಅಂತ ಓದಿ. ಎಷ್ಟೋ ಪುಸ್ತಕದಲ್ಲಿ ಇರೋದು, ಹೊರಗಿನ ಫಿಟಿಂಗಿನಿಂದ ಆದ ಹಾನಿಗೆ ವಾರಂಟಿ ಇಲ್ಲ ಅಂತ. ‘ಅದರಿಂದ ಆದ’ ಅನ್ನೋ ಮಾತನ್ನ ಹಿಡ್ಕೊಳ್ಳಿ.

ತುಂಗಾತೀರ, ಹಿಂದಿನ ಮೂರು ಜಾಬ್ ಕಾರ್ಡಲ್ಲಿ, ಅಂದ್ರೆ ಗಾಡಿ ಬಿಡೋವಾಗ ಸರ್ವಿಸ್ ಸೆಂಟರಿನವ್ರು ತೊಂದರೆ ಬರೆಯೋ ಚೀಟೀಲಿ, ಏನು ಬರೆದಿದಾರೆ?

ತುಂಗಾತೀರ:
ಮೂರರಲ್ಲೂ ‘ಜನರಲ್ ಚೆಕಪ್’. ಬ್ಯಾಟರಿ ಬಿಲ್ಲು ಬೇರೆ ಇದೆ.

ಜಾಬ್‌ಕಾರ್ಡ್_ಜಯ:
ಅಂದ್ಕೊಂಡೆ. ಕಾಗದದ ಲೆಕ್ಕದಲ್ಲಿ ನಿಮ್ಮ ಗಾಡಿಗೆ ಇವತ್ತಿನವರೆಗೆ ಕಾಯಿಲೇನೇ ಬಂದಿಲ್ಲ. ಈ ಸಲ ಸರ್ವಿಸ್ ಸೆಂಟರಿನ ಅಡ್ವೈಸರ್ ಬರೆಯೋಕೆ ಮುಂಚೆ ನೀವೇ ಹೇಳಿ ಬರೆಸಿ: ‘35 ನಿಮಿಷದ ನಂತರ ಚಾರ್ಜಿಂಗ್ 12.3 ವೋಲ್ಟ್, ಫಾಗ್ ಲ್ಯಾಂಪ್ ಫ್ಯೂಸ್ ತೆಗೆದ ಸ್ಥಿತಿಯಲ್ಲಿ, ಕಪ್ಲರ್ ಸುಟ್ಟಿದೆ, ನಾಲ್ಕನೇ ಭೇಟಿ.’ ಬರೆದ್ಮೇಲೆ ಓದಿ, ಆಮೇಲೆ ಸೈನ್. ವಾರಂಟಿ ಇಲ್ಲ ಅಂದ್ರೆ ಕಾರಣ ಸಮೇತ ಬರಹದಲ್ಲಿ ಕೊಡಿ ಅನ್ನಿ. ಬಾಯಲ್ಲಿ ‘ಇಲ್ಲ’ ಅನ್ನೋದು ಸುಲಭ, ಲೆಟರ್‌ಹೆಡ್ಡಲ್ಲಿ ಬರೆಯೋಕೆ ಮ್ಯಾನೇಜರ್ ಕೈ ನಡುಗುತ್ತೆ.

ಅದಕ್ಕೂ ಬಗ್ಗದಿದ್ರೆ ಕಂಪನಿಗೆ ಇಮೇಲ್, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೇಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹೋಗ್ಬೇಕು. ಆದ್ರೆ ಬೇಗ ಮುಗಿಯುತ್ತೆ ಅನ್ಕೊಂಡು ಹೋಗ್ಬೇಡಿ.

ತುಂಗಾತೀರ (ಹನ್ನೆರಡು ದಿನದ ನಂತರ):
60 ಕಿ.ಮೀ. ಓಡಿಸ್ಕೊಂಡೇ ಹೋದೆ, ಗಾಡಿ ಬಿಸಿ ಇರ್ಲಿ ಅಂತ. ಗೇಟಲ್ಲೇ ಮೀಟರ್ ಹಿಡಿದು ತೋರ್ಸಿದೆ, 12.2. ಅಡ್ವೈಸರ್ ‘ನಮ್ಮ ಮೀಟರಲ್ಲಿ ನೋಡ್ತೀವಿ’ ಅಂದ. ಅದ್ರಲ್ಲೂ 12.2. ಜಾಬ್ ಕಾರ್ಡಲ್ಲಿ ಬರೆಸೋಕೆ ಇಪ್ಪತ್ತು ನಿಮಿಷ ವಾದ ಆಯ್ತು, ಬರೆಸ್ದೆ. ‘ಇಲ್ಲ’ ಅನ್ನೋದನ್ನ ಬರಹದಲ್ಲಿ ಕೇಳಿದಾಗ ಒಳಗೆ ಹೋಗಿ ಬಂದು, ‘ಕಂಪನಿ ಇಂಜಿನಿಯರ್ ಹತ್ರ ಮಾತಾಡಿ ಹೇಳ್ತೀವಿ’ ಅಂದ್ರು. ಎಂಟನೇ ದಿನ ಫೋನ್ ಬಂತು. ರೆಗ್ಯುಲೇಟರ್, ಎರಡೂ ಬದಿ ಕಪ್ಲರ್ ವಾರಂಟಿಲೇ ಬದಲು. ಹಳೇ ಕಪ್ಲರ್ ಕೇಳ್ದೆ, ಕಂಪನಿಗೆ ವಾಪಸ್ ಕಳಿಸ್ಬೇಕು ಅಂತ ಕೊಡಲಿಲ್ಲ. ಫೋಟೊ ಇದೆಯಲ್ಲ.

ನಿನ್ನೆ ಹೆಬ್ರಿವರೆಗೆ ಹೋಗಿ ಬಂದೆ. ಬಿಸಿಯಲ್ಲೂ 14.0. ಫಾಗ್ ಲ್ಯಾಂಪ್ ಉರಿಸಿದ್ರೆ 13.8. ಹೆಂಡ್ತಿ ಮಾತ್ರ ಬರ್ಲಿಲ್ಲ, ‘ಮೊದ್ಲು ನೀವು ನಾಲ್ಕು ಸಲ ಹೋಗಿ ಬನ್ನಿ’ ಅಂದ್ಲು.

ಬ್ಯಾಟರಿ ದುಡ್ಡು 2,350 ಇನ್ನೂ ಬಂದಿಲ್ಲ. ಇಮೇಲ್ ಹಾಕಿದೀನಿ, ‘ನಿಮ್ಮ ದೂರು ನಮಗೆ ಅಮೂಲ್ಯ’ ಅನ್ನೋ ಉತ್ತರ ಬಂದಿದೆ. ಜಯ ಅವ್ರೇ, ಇದಕ್ಕೆ ಎಷ್ಟು ದಿನ ಕಾಯ್ಲಿ?

ಜಾಬ್‌ಕಾರ್ಡ್_ಜಯ:
ಹದಿನೈದು ದಿನ. ಆಮೇಲೆ 1915. ನಾಲ್ಕನೇ ಜಾಬ್ ಕಾರ್ಡ್, ಬ್ಯಾಟರಿ ಬಿಲ್ಲು ಒಟ್ಟಿಗೆ ಇಟ್ಕೊಳ್ಳಿ. ಬಿಲ್ಲು ಥರ್ಮಲ್ ಪೇಪರಾಗಿದ್ರೆ ಇವತ್ತೇ ಜೆರಾಕ್ಸ್ ಮಾಡ್ಸಿ, ಮಲೆನಾಡ ಮಳೆಗೆ ಅಕ್ಷರ ಉಳಿಯಲ್ಲ.