ಮಳೆ ಗಾಳಿಲಿ ಹೊರಗೆ ಪೋರ್ಕ್ ಸ್ಮೋಕ್ ಮಾಡೋದ್ ಹೆಂಗೆ?

ಕೊಡಗಿನವ_ಒಹಾಯೊ:
ಎಲ್ರಿಗೂ ನಮಸ್ಕಾರ. ನಾನಿರೋದು ಕೊಲಂಬಸ್ಸಲ್ಲಿ, ಶನಿವಾರ ರಾತ್ರಿ ಊಟಕ್ಕೆ ನೆಂಟ್ರು ಬರ್ತಿದಾರೆ, 3 ಕೆಜಿ ಪೋರ್ಕ್ ಶೋಲ್ಡರ್‌ಗೆ ಉಪ್ಪು ಕಾಳುಮೆಣಸು ಹಚ್ಚಿ ಸ್ಮೋಕ್ ಮಾಡೋಣ, ಅಂದ್ರೆ ಹೊಗೆಲಿ ನಿಧಾನಕ್ಕೆ ಬೇಯಿಸೋಣ ಅಂತಿದೀನಿ. ಆದ್ರೆ ಅವತ್ತು ಸೊನ್ನೆ ಡಿಗ್ರಿ ಹತ್ರ, ಮಳೆ ಹಿಮ ಎರಡೂ ಇದೆ, ಜೋರು ಗಾಳಿ ಬೇರೆ. ನನ್ ಹತ್ರ ಇರೋದು ಇದ್ದಿಲಿನ ಕೆಟಲ್ ಗ್ರಿಲ್, ಮೇಲೆ ಕೆಳಗೆ ಗಾಳಿ ತೂತಿರೋ ಮುಚ್ಚಳದ ದುಂಡು ಒಲೆ. ಗ್ಯಾರೇಜಲ್ಲಿಟ್ಟು ಬಾಗ್ಲು ಅರ್ಧ ತೆಗೆದ್ರೆ ಆಗತ್ತಾ?

ಮಿನ್ನೆಸೋಟ_ಮಾಮ:
ಗ್ಯಾರೇಜ್ ಬೇಡ್ವೇ ಬೇಡಪ್ಪ. ಇದ್ದಿಲಿಂದ ಕಾರ್ಬನ್ ಮೊನಾಕ್ಸೈಡ್ ಬರತ್ತೆ, ಅದಕ್ಕೆ ವಾಸ್ನೆ ಇಲ್ಲ ಬಣ್ಣ ಇಲ್ಲ, ಬಾಗ್ಲು ತೆಗೆದಿದ್ರೂ ಮನೆಯೊಳಗೆ ನುಗ್ಗತ್ತೆ, ಜೀವಕ್ಕೇ ಅಪಾಯ. ಗಾಳಿ ಬಡಿಯದ ಕಡೆ, ಗೋಡೆಯಿಂದ 10 ಅಡಿ ದೂರದಲ್ಲಿ ಇಡಿ. ಚಳಿಗಿಂತ ಗಾಳಿದೇ ಕಾಟ ಜಾಸ್ತಿ, ಮುಚ್ಚಳದ ಬಿಸಿನೆಲ್ಲ ಎಳ್ಕೊಂಡ್ಹೋಗತ್ತೆ, ಕೆಳಗಿನ ತೂತಿಂದ ಒಳಗೆ ಹೊಕ್ಕಿ ಕೆಂಡನ ಒಂದೇ ಸಮ ಕೆಣಕತ್ತೆ. ಮೇಲಿನ ತೂತು ಪೂರ್ತಿ ತೆಗೆದಿಟ್ಟು ಕೆಳಗಿನದ್ರಲ್ಲೇ ಉರಿ ಹೆಚ್ಚು ಕಮ್ಮಿ ಮಾಡ್ಕೊಳಿ, 110ರಿಂದ 120 ಡಿಗ್ರಿ ಸೆಲ್ಸಿಯಸ್ ಇದ್ರೆ ಸಾಕು. ಮುಚ್ಚಳ ಪದೇ ಪದೇ ತೆಗಿಬೇಡಿ, ಮಾಂಸಕ್ಕೆ ಪ್ರೋಬ್ (ಬಿಸಿ ಅಳೆಯೋ ಕಡ್ಡಿ) ಚುಚ್ಚಿ ಮನೆಯೊಳಗೆ ಕೂತು ನೋಡಿ.

ಕಕ್ಕಡ_ಮಳೆ:
ಹೊಗೆಗೆ ಇದ್ದಿಲ ಮೇಲೆ ಹಾಕೋ ಸೌದೆ ಒಣಗಿರ್ಬೇಕು ಅಣ್ಣಾ, ಅದು ಮುಖ್ಯ. ನೆಂದಿದ್ರೆ ದಪ್ಪ ಬಿಳಿ ಹೊಗೆ ಬಂದು ಮಾಂಸ ಕಹಿಯಾಗತ್ತೆ, ತೆಳ್ಳಗೆ ನೀಲಿಯಾಗಿ ಕಂಡೂ ಕಾಣದ ಹಂಗಿರ್ಬೇಕು ಹೊಗೆ. ನಮ್ಮಲ್ಲಿ ಮಳೆ ಹಿಡಿಯೋಕ್ ಮುಂಚೆನೇ ಸೌದೆ ಒಳಗೆ ಹಾಕೋದು ಅದಕ್ಕೇ. ಆದ್ರೆ ಒಲೆ ಮೇಲೆ ತೂಗ್ಹಾಕಿ ಒಣಗ್ಸೋ ಮಾಂಸದ ಲೆಕ್ಕ ಇದಕ್ಕೆ ಬರಲ್ಲ. ಅದು ಉಪ್ಪು ಹಚ್ಚಿದ ತೆಳು ಪಟ್ಟಿ, ನಿಧಾನಕ್ಕೆ ಒಣಗತ್ತೆ. ನಿಮ್ದು ದಪ್ಪ ತುಂಡು, ಒಳಗಿನವರ್ಗೂ ಬೇಯ್ಬೇಕು.

ಮಿನ್ನೆಸೋಟ_ಮಾಮ:
ಸರಿಯಾಗ್ ಹೇಳಿದ್ರಿ. ಇನ್ನೊಂದು, ಮಾಂಸದ ಒಳಗಿನ ಬಿಸಿ 65ರಿಂದ 75 ಡಿಗ್ರಿ ನಡುವೆ ಗಂಟೆಗಟ್ಲೆ ನಿಂತ್ಬಿಡತ್ತೆ, ಮೇಲಿನ ನೀರು ಆವಿಯಾಗ್ತಾ ಮಾಂಸನ ತಣ್ಣಗೆ ಮಾಡ್ತಿರತ್ತೆ ಅಷ್ಟೇ, ಗಾಬರಿಯಾಗಿ ಇದ್ದಿಲು ಸುರಿಬೇಡಿ. ಅಷ್ಟೊತ್ತಿಗೆ ಬೇಕಾದಷ್ಟು ಹೊಗೆ ಹಿಡಿದಿರತ್ತೆ, ಫಾಯಿಲ್ ಸುತ್ತಿ ಒಳಗೆ ತಂದು 120 ಡಿಗ್ರಿ ಓವನ್ನಿಗೆ ಹಾಕಿ. ಕೆಲವ್ರು ಇದನ್ನ ಮೋಸ ಅಂತಾರೆ, ನಾನಂತೂ ಒಪ್ಪಲ್ಲ, ನೆಂಟ್ರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸ್ಬೇಕಲ್ವಾ. 95ಕ್ಕೆ ಬಂದಾಗ ಮೂಳೆ ಹಿಡಿದೆಳೆದ್ರೆ ಹಂಗೇ ಕಳಚ್ಕೊಂಡ್ ಬರತ್ತೆ, ಆಮೇಲೆ ಒಂದ್ ಗಂಟೆ ಬಿಡಿ.

ಕೊಡಗಿನವ_ಒಹಾಯೊ:
ತುಂಬಾ ಥ್ಯಾಂಕ್ಸ್ ಮಾಮ, ಹೊರಗೇ ಇಡ್ತೀನಿ. ಕಾಚಂಪುಳಿ, ಅದೇ ನಮ್ ಕೊಡಗಿನ ಕಪ್ಪು ಹುಳಿ ರಸ, ಮೊದ್ಲೇ ಹಚ್ಲಾ?

ಕಕ್ಕಡ_ಮಳೆ:
ಬೇಡ, ಎಳೆ ಎಳೆಯಾಗಿ ಬಿಡಿಸಿದ್ಮೇಲೆ ಅರ್ಧ ಚಮಚ ಹಾಕಿ ಕಲಸಿ, ರುಚಿ ನೋಡ್ಕೊಂಡು ಬೇಕಿದ್ರೆ ಇನ್ನೊಂಚೂರು.